ಕಂಠಪಾಠವೂ ತಿಳಿವಳಿಕೆಯೂ

ಮೈಟೋಕಾಂಡ್ರಿಯವು ಜೀವಕೋಶದ ಶಕ್ತಿಗೃಹವೆಂಬ ವಾಕ್ಯವನ್ನು ನಮ್ಮ ಬಾಲಿಕೆಯರು ತಡವರಿಸದೆ ಒಪ್ಪಿಸುವರು, ಅಂಕಗಳೂ ದೊರೆಯುವುವು. ಇಷ್ಟಕ್ಕೇ ಪೋಷಕರು ತೃಪ್ತರಾಗಬಾರದೆಂಬುದು ನಮ್ಮ ಅಭಿಪ್ರಾಯವು.

ಈ ಸೂಕ್ಷ್ಮಾಂಗಕ್ಕೆ ಎರಡು ಪೊರೆಗಳುಂಟು. ಹೊರಗಿನದು ನಯವಾದುದು, ಒಳಗಿನದು ಮಡಿಕೆ ಮಡಿಕೆಯಾದುದು. ಮಡಿಕೆಗಳೇಕೆ? ನೆರಿಗೆ ಹಿಡಿದ ಸೀರೆಯಂತೆ, ಅಲ್ಪ ಸ್ಥಳದಲ್ಲಿ ವಿಸ್ತಾರವಾದ ಪೊರೆಯು ಅಡಗುವುದಕ್ಕಾಗಿ. ಆಹಾರದ ಶಕ್ತಿಯನ್ನು ಆಮ್ಲಜನಕದ ನೆರವಿನಿಂದ ಎ.ಟಿ.ಪಿ. ಎಂಬ ವಸ್ತುವಿನಲ್ಲಿ ಕೂಡಿಡುವ ಕಾರ್ಯವು ಬಹುಮಟ್ಟಿಗೆ ಆ ಒಳಪೊರೆಯಲ್ಲಿಯೇ ನಡೆಯುವುದು. ಆದುದರಿಂದಲೇ ಎಡೆಬಿಡದೆ ದುಡಿಯುವ ಹೃದಯದ ಕೋಶಗಳಲ್ಲಿ ಇವು ಹೇರಳವಾಗಿರುವುವು.

ಇವು ಪೂರ್ವದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದುವೆಂಬ ವಾದವನ್ನು 1967ರಲ್ಲಿ ಮರಳಿ ಎತ್ತಿಹಿಡಿದವರು ಲಿನ್ ಮಾರ್ಗುಲಿಸ್ ಎಂಬ ಮಹಿಳೆ. ಮೊದಲು ಅನೇಕರು ಒಪ್ಪದಿದ್ದ ಆ ವಾದವನ್ನು ಇಂದು ವಿಜ್ಞಾನಲೋಕವು ಅಂಗೀಕರಿಸಿದೆ. ಪಾಠವನ್ನು ಒಪ್ಪಿಸುವುದರಲ್ಲಿಯೇ ನಿಂತವರಿಂದ ಇಂತಹ ಕಾರ್ಯವು ಸಾಧ್ಯವೇ?

ಪ್ರಶ್ನಿಸುವ ಹುಡುಗಿಯನ್ನು ಬಾಯಿಬಡುಕಿಯೆಂದು ಗದರಿಸುವ ಮನೆಗಳು ಇಂದಿಗೂ ಉಂಟು. ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳು ಹಾಗಿರದಿರಲಿ. ಮಗಳು ಶಾಲೆಯಿಂದ ಬಂದಾಗ, ಅಂಕವೆಷ್ಟೆಂದು ವಿಚಾರಿಸುವುದಕ್ಕೆ ಮೊದಲು, ಆ ಮಡಿಕೆಗಳೇಕೆಂದು ಕೇಳಿರಿ. ಅವಳು ತನ್ನ ಸ್ವಂತ ಮಾತಿನಲ್ಲಿ ಉತ್ತರವಿತ್ತರೆ ನಮ್ಮ ಶ್ರಮವು ಸಾರ್ಥಕವೆಂದು ಭಾವಿಸುವೆವು.