“ಇಲ್ಲಿ ಅಲ್ಲ, ಮಣಿಪಾಲಕ್ಕೆ ಮಾಡಿ!”

ಮೊನ್ನೆ ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ಹೇಳಿದ್ದಿದು. ಒಂದು ಕಾಗದ ತಯಾರಾಗಿದೆಯೋ ಎಂದು ಕೇಳಲು ಕಾರ್ಕಳದ ಆಫೀಸಿಗೆ ಫೋನು ಮಾಡಿದರಂತೆ. “ಇಲ್ಲಿ ಅಲ್ಲ, ಮಣಿಪಾಲಕ್ಕೆ ಮಾಡಿ.” ಮಣಿಪಾಲದವರು “ಉಡುಪಿಯಲ್ಲಿ ಕೇಳಿ” ಎಂದರು. ಉಡುಪಿಯಲ್ಲಿ ಎತ್ತುವವರೇ ಇಲ್ಲ. ಒಂದು ದಿನದ ಬೀಡಿ ಕೆಲಸ ಬಿಟ್ಟು ಬಸ್ಸು ಹತ್ತಿದ್ದಾರೆ. ಇಳಿಯುವುದು ಮಣಿಪಾಲದಲ್ಲೋ ಉಡುಪಿಯಲ್ಲೋ, ಪರ್ಕಳ ದಾಟಿದರೂ ಅವರಿಗೆ ಗೊತ್ತಿರಲಿಲ್ಲ. ಯಾವ ಆಫೀಸು ಎಂದು ಬರೆಯುವುದಿಲ್ಲ. ಒಂದೇ ಆಫೀಸಿನ ಕತೆಯಾದರೆ ಬರೆಯಬಹುದಿತ್ತು.

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂದು ನಾಲ್ಕು ಕಡೆ ಆಫೀಸು ಇಟ್ಟವರಲ್ಲಿ ನಾಲ್ಕೂ ಕಡೆ ಗೋಡೆಗೆ ಹೊಡೆದ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆ ಇರುವುದುಂಟು. ಒಳಗಿನವರು ಎರಡಂಕೆ ಒತ್ತಿ ಒಳಗಿನವರ ಹತ್ತಿರ ಮಾತಾಡಬಹುದು. ಗೋಡೆಯಾಚೆ ಬೇರೆ ಲೋಕ. ಉಡುಪಿಗೆ 0820, ಕಾರ್ಕಳಕ್ಕೆ 08258.

ಪೆಟ್ಟಿಗೆಯನ್ನು ಬೈಯಬೇಡಿ. 1984ರಲ್ಲಿ ಹುಟ್ಟಿದ ಸಿ-ಡಾಟ್‌ನ 128 ಲೈನಿನ ಹಳ್ಳಿ ಎಕ್ಸ್‌ಚೇಂಜು 1986ರಲ್ಲಿ ಮೊದಲು ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ. ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕುಳಿತವರಿಗೆ ಅದರ ಬೆಲೆ ಗೊತ್ತು. ಹಳೆಯ ಪೆಟ್ಟಿಗೆ ಇನ್ನೂ ಕೆಲಸ ಮಾಡುತ್ತದೆ ಮಾರಾಯ್ರೆ. ಎಲ್ಲ ಕಿತ್ತು ಹೊಸತು ಹಾಕಿ ಎನ್ನುವ ಸೇಲ್ಸ್‌ಮನ್ ಮಾತು ಕೇಳಬೇಕಾಗಿಲ್ಲ.

ಪ್ರತಿಯೊಂದರ ಪಕ್ಕ ಗೇಟ್‌ವೇ ಎಂಬ ಚಿಕ್ಕ ಪೆಟ್ಟಿಗೆ ಕೂರಿಸಿದರಾಯಿತು. ಅದು ಮಾತನ್ನು ಅಂಕೆ ಮಾಡಿ, ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡು ಕತ್ತರಿಸಿ, ಈಗಾಗಲೇ ಇರುವ ಇಂಟರ್ನೆಟ್ ಲೈನಿನಲ್ಲಿ ಕಳಿಸುತ್ತದೆ. ಆಚೆಯ ಪೆಟ್ಟಿಗೆ ಜೋಡಿಸಿ ಹಳೆಯ ಫೋನಿಗೇ ಕೊಡುತ್ತದೆ. ಒಂದು ಮಾತುಕತೆಗೆ ಸೆಕೆಂಡಿಗೆ ಸುಮಾರು 100 ಕಿಲೋಬಿಟ್ ಸಾಕು. ಆಗ ಕಾರ್ಕಳದ ಗುಮಾಸ್ತರೇ ಇನ್ನೊಂದು ಫೋನಿನಲ್ಲಿ ಮೂರಂಕೆ ಒತ್ತಿ ಮಣಿಪಾಲವನ್ನು ಕೇಳಿ ಉತ್ತರ ಹೇಳಬಹುದಿತ್ತು. ಹೊರಗಿನ ಕರೆಯನ್ನೇ ಇಂಟರ್ನೆಟ್ಟಿನಲ್ಲಿ ಊರು ದಾಟಿಸಲು ಮಾತ್ರ ಟೆಲಿಕಾಂ ಇಲಾಖೆಯ ನಿಯಮ ಉಂಟು. 2021ರ ಜೂನ್‌ನಲ್ಲಿ ಸಡಿಲಾದದ್ದು ಕಾಲ್ ಸೆಂಟರಿನಂಥವರಿಗೆ. ಉಳಿದವರು ಕೇಳಿಯೇ ಮಾಡಿ.

ಮೊಬೈಲ್ ಇಲ್ಲವೇ ಎನ್ನುತ್ತೀರಿ. ಗುಮಾಸ್ತರಿಗೆ ವರ್ಗವಾದರೆ ಆ ನಂಬ್ರವೂ ಶಿವಮೊಗ್ಗಕ್ಕೆ ಹೋಯಿತು!

ತಾಪತ್ರಯವೂ ಉಂಟು. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತದೆ, ಗೇಟ್‌ವೇಗೆ ಯುಪಿಎಸ್ ಬೇಕು. ನಮ್ಮ ಸಿಡಿಲಿಗೆ ಸರಿಯಾದ ಅರ್ಥಿಂಗ್ ಬೇಕು. ರಸ್ತೆ ಅಗೆಯುವವರು ಕೇಬಲ್ ತುಂಡರಿಸಿದ ದಿನಕ್ಕೆಂದು ಒಂದು ಮಾಮೂಲಿ ಲೈನು ಉಳಿಸಿಕೊಳ್ಳಿ.

ಮತ್ತೆ, ಗಂಟೆ ಬಾರಿಸಿದಾಗ ಎತ್ತಲು ಒಬ್ಬರನ್ನು ಕೂರಿಸಿ. ಆ ದಿನ ಉಡುಪಿಯಲ್ಲಿ ಫೋನು ಎತ್ತದ್ದಕ್ಕೆ ಯಾವ ಪೆಟ್ಟಿಗೆಯೂ ಕಾರಣವಲ್ಲ.