ಪಂಚಾಯತಿಯ ಫಲಕ ಓದುವವರಾರು?

2020ರ ಅಕ್ಟೋಬರದ ಅತಿವೃಷ್ಟಿಯನ್ನು ಅಕ್ಕಲಕೋಟ ತಾಲೂಕಿನವರು ಮರೆತಿರಲಾರರು. ಬೋರಿ ನದಿ ದಂಡೆ ಮೀರಿ ಹರಿಯಿತು. 2025ರ ಸಪ್ಟೆಂಬರದಲ್ಲಿ ಸೀನಾ ನದಿಯ ಸರದಿ. ನೀರು ಇಳಿದ ಮೇಲೆ ಕೆಸರು ಎತ್ತುವುದು, ಕೊಚ್ಚಿಹೋದ ರಸ್ತೆಗೆ ಮುರುಮು ಹಾಕುವುದು, ಹಾನಿಯ ಪಂಚನಾಮೆ, ಇವುಗಳ ಸೂಚನೆ ಪಂಚಾಯತಿಯ ಫಲಕದ ಮೇಲೆ ಬರುತ್ತದೆ. ಅಕ್ಕಲಕೋಟದ ಹಳ್ಳಿಯಿರಲಿ, ನಂದೇಶ್ವರವಿರಲಿ, ಅದು ಮರಾಠಿಯಲ್ಲಿರುತ್ತದೆ. ರಾಜ್ಯಭಾಷೆ, ತಪ್ಪೇನಿಲ್ಲ. ಆದರೆ ಕನ್ನಡವೊಂದನ್ನೇ ಓದಬಲ್ಲ ತಾಯಿಗೆ ಆ ಹಾಳೆ ಇದ್ದೂ ಇಲ್ಲದಂತೆ.

ಹಣದ ಲೆಕ್ಕವನ್ನೇ ನೋಡಿರಿ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗೆ ಪಂಚಾಯತಿಗಳಿಗೆ ಗೊತ್ತುಮಾಡಿದ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ರಸ್ತೆಯ ಖರ್ಚನ್ನು ಉಳಿದ 40ರಲ್ಲಿ ಹುಡುಕಬೇಕಾಗಿತ್ತು. ಇದನ್ನು ತಿಳಿಯದೆ ನಾವು ಕಟ್ಟೆಯ ಮೇಲೆ ಕುಳಿತು ಸರಪಂಚರನ್ನು ಬೈಯುತ್ತೇವೆ. (ನಾನೂ ಬೈದಿದ್ದೇನೆ.) ಕೇಳಬೇಕಾದ ಸ್ಥಳ ಗ್ರಾಮಸಭೆ. ಊರಿನ ಮತದಾರರೆಲ್ಲರೂ ಅದರ ಸದಸ್ಯರು. ಬಜೆಟ್ಟು, ಖರ್ಚು ಕೇಳುವ ಹಕ್ಕು ಅವರದು.

ವಿದ್ಯಾರ್ಥಿಗಳೇ, ನಿಮಗೆ ಇನ್ನೂ ಮತವಿಲ್ಲ. ಆದರೆ ಕನ್ನಡ, ಮರಾಠಿ ಎರಡೂ ಬರುತ್ತವೆ. ಶಾಲೆ ಬಿಟ್ಟು ಹೋಗುವಾಗ ಫಲಕ ಓದಿ, ಮನೆಯಲ್ಲಿ ಕನ್ನಡದಲ್ಲಿ ಹೇಳಿರಿ: ಸಭೆ ಯಾವಾಗ, ಯಾವ ರಸ್ತೆಗೆ ಎಷ್ಟು ಹಣ.

ಪಾಲಕರೇ, ಮರಾಠಿ ಬಾರದೆಂದು ಹಿಂಜರಿಯಬೇಡಿರಿ. ಸಂವಿಧಾನದ 350ನೆಯ ಕಲಮಿನಂತೆ ನಿಮ್ಮ ದೂರನ್ನು ಕನ್ನಡದಲ್ಲಿಯೂ ಬರೆದು ಕೊಡಬಹುದು. ಕಚೇರಿಯಲ್ಲಿ ಅದನ್ನು ಓದಬಲ್ಲವರು ಇಲ್ಲದಿದ್ದರೆ, ಓದಿ ಹೇಳಲು ನಿಮ್ಮ ಮಗಳನ್ನೇ ಕರೆದುಕೊಂಡು ಹೋಗಿರಿ.