ಬೀಗ ಜಡಿದ ಮನೆಯೂ ಏಳು ವಾರದ ಬಾಡಿಗೆದಾರನೂ

ಮಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಒಂದು ಬೆಳಗ್ಗೆ ನಿಂತು ನೋಡಿದರೆ, ಈ ನಗರವು ಇಲ್ಲಿ ನೆಲೆಸಿದವರಿಗೆ ಮಾತ್ರ ಸೇರಿದ್ದಲ್ಲವೆಂಬುದು ಮನವರಿಕೆಯಾಗುತ್ತದೆ. 1848ರಷ್ಟು ಹಿಂದೆಯೇ ಆರಂಭಗೊಂಡ ವೆನ್ಲಾಕ್ ಆಸ್ಪತ್ರೆ, 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಬಿತ್ತಿದ ಸೇವೆಯ ಬೀಜ, ಅನಂತರ ಬೆಳೆದ ವೈದ್ಯಕೀಯ ಕಾಲೇಜುಗಳು, ಇವೆಲ್ಲವುಗಳ ಫಲವಾಗಿ ಚಿಕ್ಕಮಗಳೂರು, ಕೊಡಗು, ಹಾಸನ, ಉತ್ತರ ಕನ್ನಡ, ಕಾಸರಗೋಡುಗಳಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಅವರಿಗೆ ಮದ್ದು ದೊರೆಯುತ್ತದೆ. ತಲೆಯ ಮೇಲೊಂದು ಸೂರು ದೊರೆಯುವುದು ಮಾತ್ರ ದುಸ್ತರವಾಗಿದೆ.

ಕೆಲವು ತಿಂಗಳ ಹಿಂದೆ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ದುಡಿಯುವ ದಂಪತಿಗಳು ನಮ್ಮನ್ನು ಕಾಣಲು ಬಂದಿದ್ದರು. ಗಂಡನಿಗೆ ಬಾಯಿಯ ಕ್ಯಾನ್ಸರ್. "ಫಾದರ್, ಏಳು ವಾರ ದಿನಾ ಬರಬೇಕೂಂತ ಡಾಕ್ಟ್ರು ಹೇಳಿದ್ದಾರೆ. ಏಳು ವಾರಕ್ಕೆ ಯಾರೂ ಮನೆ ಕೊಡುವುದಿಲ್ಲವಂತೆ" ಎಂದು ಆಕೆ ಹೇಳಿದಾಗ, ಇದೇನು ಮಹಾ ಕಷ್ಟವೆಂದೇ ನಾವು ಭಾವಿಸಿದೆವು. ಪರಿಚಿತರಿಗೆ ದೂರವಾಣಿ ಕರೆ ಮಾಡತೊಡಗಿದ ಬಳಿಕ ನಮ್ಮ ಎಣಿಕೆ ತಪ್ಪೆಂದು ತಿಳಿಯಿತು. ಒಂದು ಕೋಣೆ ಸಿಗಲು ಒಂಬತ್ತು ದಿನಗಳು ಹಿಡಿದವು. ಚಿಕಿತ್ಸೆಯೂ ಅಷ್ಟು ತಡವಾಗಿ ಆರಂಭವಾಯಿತು.

ವಿಕಿರಣ ಚಿಕಿತ್ಸೆಯ ಕ್ರಮವನ್ನು ಅರಿಯದವರಿಗೆ ಈ ಸಂಕಟ ಅರ್ಥವಾಗದು. ಸಾಮಾನ್ಯವಾಗಿ ವಾರದಲ್ಲಿ ಐದು ದಿನ, ಪ್ರತಿದಿನ ಕೆಲವೇ ನಿಮಿಷಗಳ ಚಿಕಿತ್ಸೆ. ಅದು ಆರೇಳು ವಾರಗಳ ತನಕ ಸಾಗುವುದುಂಟು. ನಡುವೆ ತಪ್ಪಿಸಕೂಡದು. ಇಷ್ಟಕ್ಕಾಗಿ ರೋಗಿಯನ್ನು ಸಾಧಾರಣವಾಗಿ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದಿಲ್ಲ. ಬಳಲಿದ ದೇಹವನ್ನು ಹೊತ್ತು ದಿನವೂ ಚಾರ್ಮಾಡಿ ಘಾಟಿಯನ್ನು ಹತ್ತಿಳಿಯುವುದು ಸಾಧ್ಯವೇ? ಲಾಡ್ಜಿನಲ್ಲಿ ಉಳಿಯೋಣವೆಂದರೆ, ದಿನಕ್ಕೆ 800 ರೂಪಾಯಿ ಎಂದು ಹಿಡಿದರೂ 49 ದಿನಗಳಿಗೆ 39,200 ರೂಪಾಯಿಗಳಾಗುತ್ತವೆ. ಮೇಲಾಗಿ ಬಾಯಿ, ಗಂಟಲು ಹುಣ್ಣಾದವನಿಗೆ ಹೋಟೆಲಿನ ಊಟ ಇಳಿಯದು. ಬೇಕಾದದ್ದು ನುಣ್ಣಗೆ ಬೆಂದ ಗಂಜಿ. ಗಂಜಿ ಬೇಯಿಸಲು ಒಂದು ಒಲೆ ಬೇಕು. ಸರಕಾರದ ಆರೋಗ್ಯ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ, ನಿಜ. ಹೊರಗೆ ಹಿಡಿದ ಮನೆಯ ಬಾಡಿಗೆಯನ್ನು ಅದು ತೆರುವುದಿಲ್ಲ.

ಇನ್ನು ಪೇಟೆಯಲ್ಲಿ ಸಿಗುವುದೇನು? ಒಂದೆಡೆ, ಪ್ರವಾಸಿಗರಿಗೆಂದು ದಿನದ ಲೆಕ್ಕದಲ್ಲಿ ಕೊಡುವ ಫ್ಲ್ಯಾಟುಗಳು. ಅವು ಬಡವನ ಕೈಗೆಟಕುವಂಥವಲ್ಲ. ಇನ್ನೊಂದೆಡೆ, ಹನ್ನೊಂದು ತಿಂಗಳ ಕರಾರು, ಹಲವು ತಿಂಗಳ ಬಾಡಿಗೆಯಷ್ಟು ಮುಂಗಡ, ಮೇಲೆ ದಲ್ಲಾಳಿಯ ಪಾಲು. ಹನ್ನೊಂದು ತಿಂಗಳೆಂಬುದು ದೈವನಿಯಮವೇನಲ್ಲ. ಒಂದು ವರ್ಷವನ್ನು ಮೀರಿದ ಗೇಣಿಪತ್ರವನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯಿದೆ ವಿಧಿಸುವುದರಿಂದ, ಅದನ್ನು ತಪ್ಪಿಸಲು ರೂಢಿಗೆ ಬಂದ ಉಪಾಯವದು. ಅದಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡಬಾರದೆಂದು ಆ ಕಾಯಿದೆ ಎಲ್ಲಿಯೂ ಹೇಳಿಲ್ಲ.

ಮನೆಗಳ ಅಭಾವವೇ ಇದಕ್ಕೆ ಕಾರಣವೆನ್ನಲು ನಾವು ಸಿದ್ಧರಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು 1 ಕೋಟಿ 10 ಲಕ್ಷಕ್ಕೂ ಅಧಿಕ. ನಮ್ಮ ನಗರದಲ್ಲಿಯೂ ರಾತ್ರಿ ತಲೆಯೆತ್ತಿ ನೋಡಿದರೆ ದೀಪ ಬೆಳಗದ ಕಿಟಕಿಗಳು ಸಾಲುಸಾಲಾಗಿ ಕಾಣುತ್ತವೆ. ಅವುಗಳಲ್ಲಿ ಅನೇಕವು ಕೊಲ್ಲಿ ರಾಷ್ಟ್ರಗಳಲ್ಲಿ ಬೆವರು ಸುರಿಸುತ್ತಿರುವ ನಮ್ಮವರದೇ ಮನೆಗಳು. ಅವರ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಮ್ಮೆ ಹೊಕ್ಕ ಬಾಡಿಗೆದಾರನನ್ನು ಎಬ್ಬಿಸಲಾರದೆ ನ್ಯಾಯಾಲಯದ ಮೆಟ್ಟಿಲು ಸವೆಸಿದ ಹಿರಿಯರ ಕಥೆಗಳನ್ನು ಅವರು ಕೇಳಿ ಬೆಳೆದಿದ್ದಾರೆ. ಆದರೆ ಆ ಕಥೆಗಳಲ್ಲಿ ಬಹುಪಾಲು 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದವು. ಅದರ ಸ್ಥಾನದಲ್ಲಿ 1999ರ ಬಾಡಿಗೆ ಅಧಿನಿಯಮವು 2001ರ ಕೊನೆಯಲ್ಲಿ ಜಾರಿಗೆ ಬಂದಿತು. ಕಾಯಿದೆ ಹೋದರೂ ಭಯ ಹೋಗಲಿಲ್ಲ.

ಆಸ್ತಿಯು ಒಬ್ಬನದಾಗಿರಲಿ, ಅದರ ಬಳಕೆ ಮಾತ್ರ ಎಲ್ಲರಿಗೂ ಒದಗಲಿ ಎಂಬುದು ಅರಿಸ್ಟಾಟಲನ ವಿಚಾರ. ಸಂತ ತೋಮಸ್ ಅಕ್ವಿನಾಸರು ಇದನ್ನೇ ಮುಂದುವರಿಸಿ, ಕಷ್ಟದಲ್ಲಿರುವವನೊಡನೆ ಹಂಚಿಕೊಳ್ಳಲು ಒಡೆಯನು ಸಿದ್ಧನಿರಬೇಕೆಂದರು. ಒಡೆತನ ಬೇರೆ, ಬಳಕೆ ಬೇರೆ. ಏಳು ವಾರಕ್ಕೆ ನ್ಯಾಯವಾದ ಬಾಡಿಗೆ ಪಡೆದು ಮನೆ ಕೊಟ್ಟವನು ಒಡೆತನವನ್ನು ಎಳ್ಳಷ್ಟೂ ಕಳೆದುಕೊಳ್ಳುವುದಿಲ್ಲ. ಬೀಗ ಜಡಿದಿಟ್ಟವನಾದರೋ ಗೆದ್ದಲಿಗೂ ಮಳೆಗಾಲದ ಬೂಷ್ಟಿಗೂ ಬಿಟ್ಟಿಯಾಗಿ ಬಾಡಿಗೆಗೆ ಕೊಟ್ಟಂತೆಯೇ ಸರಿ.

ಮಾರ್ಗವೂ ಕಠಿಣವಲ್ಲ. ಬಿಡುವ ದಿನಾಂಕವನ್ನು ನಮೂದಿಸಿದ ಲೀವ್ ಅಂಡ್ ಲೈಸೆನ್ಸ್ ಪತ್ರವನ್ನು ವಕೀಲರಿಂದ ಬರೆಯಿಸಬಹುದು. 1882ರ ಈಸ್‌ಮೆಂಟ್ಸ್ ಕಾಯಿದೆಯಲ್ಲಿ ಇದಕ್ಕೆ ಆಧಾರವಿದೆ. ವಾಸಿಸಲು ಬರುವವರ ಗುರುತುಪತ್ರ, ಆಸ್ಪತ್ರೆಯ ಚೀಟಿಗಳ ಪ್ರತಿಯನ್ನು ಇರಿಸಿಕೊಂಡು ಠಾಣೆಗೆ ತಿಳಿಸಬಹುದು. ವಿದ್ಯುತ್ತಿಗೆ ಮೀಟರಿನ ಲೆಕ್ಕದಂತೆ ಹಣ ಪಡೆಯಬಹುದು. ಮುಂಗಡ ಒಂದು ತಿಂಗಳ ಬಾಡಿಗೆಯಷ್ಟಿದ್ದರೆ ಸಾಕು. 2021ರಲ್ಲಿ ಕೇಂದ್ರವು ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯೇ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಸಲ್ಲದೆನ್ನುತ್ತದೆ. ವಸತಿ ಸಮುಚ್ಚಯಗಳ ಸಂಘಗಳೂ ರೋಗಿಯನ್ನು ಕಂಡು ಹುಬ್ಬುಗಂಟಿಕ್ಕದಿರಲಿ. ಕ್ಯಾನ್ಸರ್ ಅಂಟುರೋಗವಲ್ಲ.

ಇನ್ನೊಂದು ಮಾತನ್ನು ನೋವಿನಿಂದಲೇ ಆಡಬೇಕಾಗಿದೆ. ನಾವು ಕರೆ ಮಾಡಿದಾಗ ಹಲವರು ಮೊದಲು ಕೇಳಿದ್ದು ರೋಗವನ್ನಲ್ಲ. ಜಾತಿಯನ್ನು, ಉಣ್ಣುವ ಆಹಾರವನ್ನು. "ನಮ್ಮವರಾದರೆ ಕೊಡಬಹುದು ಫಾದರ್" ಎಂದು ನಮ್ಮ ಸಭೆಯವರೇ ಉತ್ತರಿಸಿದ್ದೂ ಉಂಟು. ಆಸ್ಪತ್ರೆಯ ಮಂಚದಲ್ಲಿ ಎಡಬಲದವರ ಜಾತಿಯನ್ನು ಕೇಳದ ನಾವು ಆಸ್ಪತ್ರೆಯ ಗೇಟು ದಾಟಿದೊಡನೆ ಅದನ್ನು ಕೇಳತೊಡಗುವುದು ಯಾವ ತರ್ಕ?

ಪರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುವುದು ಉಚಿತ. ಆ ದಂಪತಿಗಳು ಮನೆಗಾಗಿ ಅಲೆದ ಒಂಬತ್ತು ದಿನಗಳಲ್ಲಿ ನಮ್ಮ ಗುರುನಿವಾಸದ ಮಾಳಿಗೆಯ ಎರಡು ಕೋಣೆಗಳು ಬೀಗ ಹಾಕಿಕೊಂಡೇ ಇದ್ದವು. ಹಬ್ಬಕ್ಕೆ ಬರುವ ಅತಿಥಿ ಗುರುಗಳಿಗೆಂದು ವರ್ಷದಲ್ಲಿ ಹತ್ತು ದಿನ ತೆರೆಯುವ ಕೋಣೆಗಳವು. ಊರಿಗೆಲ್ಲಾ ಕರೆ ಮಾಡಿದ ನಮಗೆ ಆ ಬೀಗದ ಕೈ ನಮ್ಮ ಮೇಜಿನಲ್ಲಿಯೇ ಇದ್ದುದು ಹೊಳೆಯಲಿಲ್ಲ. ಈಗ ಅವುಗಳಲ್ಲೊಂದಕ್ಕೆ ಗ್ಯಾಸ್ ಒಲೆಯನ್ನು ಜೋಡಿಸಿದ್ದೇವೆ. ವಾಚಕರೂ ತಮ್ಮ ಮೇಜಿನ ಸೆಳೆಖಾನೆಯನ್ನೊಮ್ಮೆ ತೆರೆದು ನೋಡುವರೆಂದು ಆಶಿಸುತ್ತೇವೆ.